ಕುಂಬಾರ ಹುಳದ ಜಪ

ಚಂದ್ರಾ ಲೇಔಟಿನ ಆ ಮನೆಯಲ್ಲಿ, ದೇವರ ಕೋಣೆಯ ಕಿಟಕಿಗೆ ಕುಂಬಾರ ಹುಳವೊಂದು ಮಣ್ಣಿನ ಗೂಡು ಕಟ್ಟಿತ್ತು. ಮಧ್ಯಾಹ್ನದ ಮಂಪರಿನಲ್ಲಿ ಅದರ ಗುಂಯ್ ಸದ್ದು ಕೇಳಿದರೆ ಅನಂತಲಕ್ಷ್ಮಿಗೆ ಯಾರೋ ಮಗ್ಗುಲಲ್ಲೇ ಕೂತು ಜಪ ಮಾಡಿದ ಹಾಗೆ. ಹಬ್ಬಕ್ಕೆಂದು ಮನೆಯೆಲ್ಲ ಧೂಳು ಹೊಡೆಸಿದರೂ ಆ ಗೂಡನ್ನು ಮಾತ್ರ ಮುಟ್ಟಗೊಡಲಿಲ್ಲ.

ತಂಗಿ ಅಂಬುಜಾಕ್ಷಿ ಹಸುಗೂಸನ್ನು ಬಿಟ್ಟು ಕಣ್ಮುಚ್ಚಿದಾಗ ಕೂಸು ಅಮೂಲ್ಯಾಳನ್ನು ಮಡಿಲಿಗೆ ಹಾಕಿಕೊಂಡವಳು ಅನಂತಲಕ್ಷ್ಮಿಯೇ. ಹೆತ್ತವಳ ಬಗ್ಗೆ ಅಮೂಲ್ಯಾ ಕೇಳಿದಾಗಲೆಲ್ಲ ಒಂದೇ ಕಥೆ. ಕುಂಬಾರ ಹುಳ ಎಲ್ಲಿಂದಲೋ ಒಂದು ಹಸಿರು ಹುಳವನ್ನು ತಂದು, ಗೂಡಿನಲ್ಲಿಟ್ಟು, ಗುಂಯ್‌ಗುಡುತ್ತದೆ. ಆ ನಾದವನ್ನೇ ಧ್ಯಾನಿಸುತ್ತ ಹಸಿರು ಹುಳವೂ ಕುಂಬಾರ ಹುಳವಾಗಿ ಹಾರುತ್ತದೆ. "ನೀನೂ ಹಾಗೇ ನನ್ನ ಮಗಳಾದೆ ಕಣೇ." ತಂಗಿಯ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಹೆಸರೆತ್ತಿದರೆ ಎಲ್ಲಿ ಮಗಳು ಕೈಜಾರಿಹೋದಾಳೋ ಎಂಬ ಅಳುಕು.

ಈಗ ಪ್ರಾಣಿಶಾಸ್ತ್ರ ಓದುತ್ತಿದ್ದ ಅಮೂಲ್ಯಾ ಗೂಡಿನ ಮುಂದೆ ನಿಂತು ನಕ್ಕಳು.

"ಅದು ಹಂಗಾಗಲ್ಲಮ್ಮ. ಕುಂಬಾರ ಹುಳ ಅದನ್ನ ಚುಚ್ಚಿ ಜೋಮು ಹಿಡಿಸುತ್ತೆ. ಗೂಡಲ್ಲಿ ತನ್ನದೊಂದು ಮೊಟ್ಟೆ ಇಟ್ಟು ಬಾಗಿಲು ಮುಚ್ಚುತ್ತೆ. ಹಾರಿಹೋಗೋದು ಆ ಮೊಟ್ಟೆಯ ಮರಿ."

"ಮತ್ತೆ, ತಂದಿಟ್ಟಿದ್ದು?"

"ಅದಾ? ಮರಿಗೆ ಊಟ."

ಅನಂತಲಕ್ಷ್ಮಿ ಕಟ್ಟುತ್ತಿದ್ದ ಹೂವು ಬೆರಳಲ್ಲೇ ನಿಂತಿತು. ಹೊರಗೆ ತರಕಾರಿ ಗಾಡಿಯವನ ಕೂಗು ಯಾವುದೋ ಕನಸಿನೊಳಗಿಂದ ಬಂದಂತೆ ಬಂದು ಹೋಯಿತು.

"ಹಾಗಾದ್ರೆ ನಿನ್ನೊಳಗಿದ್ದ ಅಂಬುಜಾನ ನಾನು ತಿಂದುಬಿಟ್ನೇನೇ?"

ಅಮೂಲ್ಯಾಳ ನಗು ಇಳಿಯಿತು. ನೆಲಕ್ಕೆ ಕೂತಳು. "ಹುಚ್ಚಮ್ಮಾ! ಆ ಹುಳ ಮರಿ ಮುಖಾನೇ ನೋಡಲ್ಲ, ಮುಚ್ಚಿಟ್ಟು ಹೊರಟೇ ಹೋಗುತ್ತೆ. ನೀನು ನನ್ನ ಜೊತೆ ಸ್ಕೂಲ್ ವ್ಯಾನೂ ಹತ್ತಿದೋಳು."

"ಸುಮ್ನಿರೇ."

ಅಮೂಲ್ಯಾ ಒಂದು ಹೂ ಎತ್ತಿ ಅವಳ ಕೈಗಿಟ್ಟಳು. ಆಮೇಲೆ ಹುಡುಗಿ ಮೆಲ್ಲಗೆ ಅಂದಳು: "ಅವರ ಬಗ್ಗೆ ತಿಳ್ಕೋಬೇಕು ಅಂತ ಆಸೆ ಇತ್ತಮ್ಮ. ನೀನು ನೊಂದ್ಕೋತೀಯ ಅಂತ ಸುಮ್ನಾದೆ."

ಅನಂತಲಕ್ಷ್ಮಿ ದೇವರ ಕಡೆ ನೋಡಿದಳು. ದೀಪ ತನ್ನ ಪಾಡಿಗೆ ಉರಿಯುತ್ತಿತ್ತು.

"ನಿಮ್ಮಮ್ಮ ಮರ ಹತ್ತೋಳು," ಎಂದಳು. ಆ ಮಾತು ಬಾಯಿಗೆ ಹೊಸದು. "ಎಂಥ ಮರ ಆದ್ರೂ ಸೈ. ಇಳಿಯೋಕೆ ಮಾತ್ರ ಬರ್ತಿರ್ಲಿಲ್ಲ. ತುದೀಲಿ ಕೂತು ಅಕ್ಕಾ ಅಕ್ಕಾ ಅಂತ ಕೂಗೋಳು."

"ನೀನೇನ್ ಮಾಡ್ತಿದ್ದೆ?"

"ಮೊದ್ಲು ಚೆನ್ನಾಗಿ ಬೈತಿದ್ದೆ."

ಅಮೂಲ್ಯಾ ಅವಳ ಮೊಣಕಾಲಿಗೆ ಗಲ್ಲ ಆನಿಸಿದಳು. "ಆಮೇಲೆ?"