ಜಿಂಕೆಗೆ ಮೂರು ಕೊಟೇಶನ್

ಮ್ಯಾನೇಜರ್ ಎಡ್ವರ್ಡ್ ಸಾರ್ ಜೀವಮಾನದಲ್ಲಿ ಜಿರಳೆಗಿಂತ ದೊಡ್ಡ ಪ್ರಾಣಿಯನ್ನು ಕೊಂದವರಲ್ಲ. ಆದರೆ ಕುವೈತಿನ ಶರ್ಕ್ ಪೇಟೆಯ ಆ ಏಸಿ ಕಂಪನಿಯಲ್ಲಿ ಟಿಶ್ಯೂ ಪೇಪರ್ ಕೊಳ್ಳುವುದಿದ್ದರೂ ಮೂರು ಕೊಟೇಶನ್ ತರಿಸಿ, ಉದ್ದದ ಹಾಳೆಗೆ ಗೆರೆ ಹೊಡೆದು, ಹೋಲಿಸಿ, ಕೆಳಗೆ ಸಹಿ ಜಡಿಯುವವರು ಅವರೇ. ಆದ್ದರಿಂದ ಟೆಕ್ಸಾಸಿನ ಜಿಂಕೆಯನ್ನು ಯಾವ ಗುಂಡಿನಿಂದ ಕೊಲ್ಲಬೇಕು ಎಂಬ ಪ್ರಶ್ನೆ ಎದ್ದಾಗ ಅದೂ ನೇರವಾಗಿ ಅವರ ಮೇಜಿಗೇ ಬಂದು ಕೂತಿತು.

ಅದು ತೊಂಬತ್ತೆಂಟರ ನವೆಂಬರ್. ಕೆಲಸದವರೆಲ್ಲ ಬಾಬಾ ಎನ್ನುವ ಕಂಪನಿಯ ಯಜಮಾನ ಮುತ್ತಲಿಬ್‌ನನ್ನು ಏಸಿ ಕಳಿಸುವ ಅಮೆರಿಕದವನೊಬ್ಬ ಬೇಟೆಗೆ ಕರೆದಿದ್ದ. ರೈಫಲ್ಲು ಎಲ್ಲರೂ ಹಿಡಿಯುತ್ತಾರೆ, ನಾವು ಗಂಡಸರ ಹಾಗೆ ರಿವಾಲ್ವರಿನಲ್ಲಿ ಹೊಡೆಯೋಣ, ರಿವಾಲ್ವರ್ ನನ್ನದು, ತೋಟೆ ಯಾವುದು ಬೇಕೆಂದು ಫ್ಯಾಕ್ಸ್ ಮಾಡಿ ಎಂದು ಕ್ಯಾಟಲಾಗ್ ಕಳಿಸಿದ್ದ. ಎಡ್ವರ್ಡ್ ಸಾರ್ ಎರಡು ವಾರ ಅದರ ಮೇಲೆ ತಪಸ್ಸು ಮಾಡಿದರು. ಮೂರು ತೋಟೆ ಆರಿಸಿ ಗೆರೆ ಹೊಡೆದರು. ಪೆಟ್ಟಿಗೆಯ ಬಣ್ಣಕ್ಕೊಂದು ಕಾಲಮ್ಮು, ಕಂಪನಿಯ ಹೆಸರಿಗೊಂದು ಕಾಲಮ್ಮು. ಜಿಂಕೆಗೆ ಮಾತ್ರ ಕಾಲಮ್ಮಿರಲಿಲ್ಲ. ಕೊನೆಗೆ, ಹೊಡೆದ ಕೂಡಲೇ ದಾಸವಾಳದ ಹಾಗೆ ಅರಳುವ ಗುಂಡಿನ ಚಿತ್ರ ಇದ್ದದ್ದೇ ಶ್ರೇಷ್ಠವೆಂದು ಸಹಿ ಹಾಕಿದರು.

ಅದೇ ಮೇಜಿನ ಡ್ರಾಯರಿನೊಳಗೆ, ರಜೆ ಸಿಕ್ಕರೆ ಮಾತ್ರ ಕೈಗೆ ಬರುವ ಡ್ರೈವರ್ ಸುಕುಮಾರನ ಪಾಸ್‌ಪೋರ್ಟ್ ಬಿದ್ದಿತ್ತು. ಮುಂದಿನ ಭಾನುವಾರ ಬೆಳ್ತಂಗಡಿಯಲ್ಲಿ ನವ್ಯಶ್ರೀ ಎಂಬ ಹುಡುಗಿಯ ಜೊತೆ ಅವನ ನಿಶ್ಚಿತಾರ್ಥ. ಮೂರು ವರ್ಷಕ್ಕೊಮ್ಮೆ ಸಿಗುವ ರಜೆಗೆ ಮೂರು ವಾರದಿಂದ ಅರ್ಜಿ ಹಿಡಿದು ನಿಂತಿದ್ದ. ಕೇಳಿದಾಗಲೆಲ್ಲ ಎಡ್ವರ್ಡ್ ಸಾರ್ ಕನ್ನಡಕ ಏರಿಸಿ, "ನೋಡುವ ಮಾರಾಯ, ಈಗ ಬೇಟೆಯ ಬಿಸಿ ಉಂಟು" ಅನ್ನುತ್ತಿದ್ದರು. ಬೇಟೆ ಯಾರದ್ದು, ಬಿಸಿ ಯಾರಿಗೆ! ಸುಕುಮಾರ ಹಲ್ಲು ಕಚ್ಚಿ ಕಾರು ಒರೆಸುತ್ತಿದ್ದ.

ಮಂಗಳವಾರ ಸಂಜೆ ಆ ಹಾಳೆಯನ್ನು ಮುತ್ತಲಿಬ್‌ನ ದಿವಾನಿಯಾದಲ್ಲಿ ಓದಬೇಕಾಗಿತ್ತು. ದಿವಾನಿಯಾ ಎಂದರೆ ಮನೆಯ ಮುಂದಿನ ದೊಡ್ಡ ಕೋಣೆ. ಗೋಡೆಗುಂಟ ದಿಂಬು, ನಡುವೆ ಚಹಾ, ಸುತ್ತ ಜಪಮಣಿ ಎಣಿಸುತ್ತ ಕೂತ ಗೆಳೆಯರು. ಅಲ್ಲಿ ತೀರ್ಮಾನ ಆಗದ ಕೆಲಸ ಕುವೈತಿನಲ್ಲಿ ಆಗುವುದೇ ಇಲ್ಲ. ಕ್ಯಾಟಲಾಗಿನ ಕಟ್ಟು ಹೊತ್ತು ಸುಕುಮಾರ ಬಾಗಿಲ ಬಳಿ ನಿಂತ.

ಎಡ್ವರ್ಡ್ ಸಾರ್ ಇಂಗ್ಲಿಷಿನಲ್ಲಿ ಮುಕ್ಕಾಲು ಗಂಟೆ ಓದಿದರು. ಗೆಳೆಯರೆಲ್ಲ ತಲೆ ಆಡಿಸಿದರು. ಒಬ್ಬ ಹಸಿರು ಪೆಟ್ಟಿಗೆಯೇ ಶುಭ ಎಂದ. ಇನ್ನೊಬ್ಬ ತನ್ನ ಗಿಡುಗವಿದ್ದರೆ ಗುಂಡೇ ಬೇಡ ಎಂದ. ಅಷ್ಟರಲ್ಲಿ ಮುತ್ತಲಿಬ್‌ನ ಕಣ್ಣು ಬಾಗಿಲ ಕಡೆ ಹೋಯಿತು.

"ಸುಕುಮಾರ್! ತುಮ್ ಜಂಗಲ್‌ವಾಲಾ ನಾ? ಬೋಲೋ, ಯೇ ಗೋಲಿ ಅಚ್ಛಾ?"

ಎಡ್ವರ್ಡ್ ಸಾರ್ ನಗುಮುಖ ಕದಲಿಸದೆ, ಅಲ್ಲಿ ಯಾರಿಗೂ ತಿಳಿಯದ ಕನ್ನಡದಲ್ಲಿ ಹೇಳಿದರು: "ಅಚ್ಛಾ ಹೇಳಿ ಬಾಯಿ ಮುಚ್ಚು. ರಜೆ ಬೇಕಲ್ಲ ನಿಂಗೆ?"

ಸುಕುಮಾರನಿಗೆ ಬೇಕಾಗಿತ್ತು. ನಾಲಿಗೆಯ ತುದಿಗೆ ಅಚ್ಛಾ ಬಂದೂ ಬಂತು. ಆದರೆ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅವನು ಕಲಿತದ್ದು ಸೋದರಮಾವನ ಕೋವಿಯ ಹಿಂದೆ ನಡೆಯುವುದನ್ನೇ. ಗದ್ದೆಗೆ ನುಗ್ಗಿದ ಕಡವೆಗೆ ಮಾವ ಒಮ್ಮೆ ಹಕ್ಕಿ ಹೊಡೆಯುವ ಸಣ್ಣ ಚಿಲ್ಲಿನ ತೋಟೆ ಹಾರಿಸಿದ್ದ. ಚಿಲ್ಲು ಚರ್ಮದಲ್ಲೇ ಉಳಿಯಿತು. ಮೂರನೇ ದಿನ ಹೊಳೆಯ ಬದಿ ಅದು ಸಿಕ್ಕಾಗ ಗಾಯದ ತುಂಬ ಹುಳ, ಉಸಿರು ಇನ್ನೂ ಇತ್ತು. ಆ ಕಣ್ಣು ಸುಕುಮಾರನನ್ನು ನೋಡಿತ್ತು.

"ಅಚ್ಛಾ ನಹೀ, ಬಾಬಾ" ಎಂದುಬಿಟ್ಟ.

ಆಮೇಲೆ ಕ್ಯಾಟಲಾಗ್ ಬಿಚ್ಚಿ, ಚಿತ್ರಗಳ ಮೇಲೆ ಬೆರಳಿಟ್ಟು, ತನಗೆ ಬಂದಷ್ಟು ಹಿಂದಿಯಲ್ಲಿ ಬಿಡಿಸಿ ಹೇಳಿದ. ಈ ಅರಳುವ ಹಗುರ ಗುಂಡು ಮನೆಗೆ ನುಗ್ಗಿದ ಕಳ್ಳನಿಗೆ ಮಾಡಿದ್ದು. ಬೇಗ ಅರಳಿದರೆ ಎಲುಬಿಗೆ ತಾಗಿ ಮೇಲೆಯೇ ನಿಂತೀತು. ರಿವಾಲ್ವರಿಗೆ ರೈಫಲ್ಲಿನ ವೇಗವಿಲ್ಲ. ವೇಗವಿಲ್ಲದ ಮೇಲೆ ತೂಕ ಬೇಕು. ತುದಿಯಲ್ಲಷ್ಟೇ ಸೀಸ ಕಾಣುವ, ಇನ್ನೂರ ನಲವತ್ತು ಅಂತ ಬರೆದ ಭಾರದ ಗುಂಡು ಹಾಕಿ. ಹತ್ತಿರ ಹೋಗಿ, ಮುಂಗಾಲಿನ ಹಿಂದೆ ಹೊಡೆಯಿರಿ. ಆಚೆ ಬದಿಯಿಂದ ಹೊರಗೆ ಬಂದರೆ ಓಡಿದರೂ ರಕ್ತದ ಜಾಡು ಸಿಗುತ್ತದೆ. ಹತ್ತಿರ ಹೋಗಲಾಗದಿದ್ದರೆ ಹೊಡೆಯಲೇಬೇಡಿ. ಹೇಳುತ್ತ ಹೇಳುತ್ತ ಕಡವೆಯ ಕತೆಯೂ ಬಂತು. ಜಪಮಣಿಗಳು ನಿಂತವು.

ಮುತ್ತಲಿಬ್ ತೊಡೆ ತಟ್ಟಿ ಎದ್ದ. ಗುಂಡಿನ ಮಾತು ಅವನಿಗೆ ಅಲ್ಲಿಗೇ ಮರೆತುಹೋಯಿತು. ಕತೆ ಮಾತ್ರ ಉಳಿಯಿತು. ತಾನು ಅಮೆರಿಕಕ್ಕೆ ಹೊರಡುವವರೆಗೆ ಸುಕುಮಾರ ದಿನಾ ಸಂಜೆ ಇಲ್ಲಿಗೆ ಬಂದು ಕಾಡಿನ ಕತೆ ಹೇಳಬೇಕು ಎಂದ.

"ಮೇರಾ ಛುಟ್ಟಿ, ಬಾಬಾ?"

"ಛುಟ್ಟಿ ನಹೀ. ಖಲಾಸ್!"

ನಿಜ ಹೇಳಿದ್ದಕ್ಕೆ ಬಹುಮಾನ! ಸುಕುಮಾರ ಕಾರಿನ ಬಾಗಿಲು ಎಳೆದ ರಭಸಕ್ಕೆ ಗಾಜು ನಡುಗಿತು. ಹಿಂದಿನ ಸೀಟಿನಲ್ಲಿ ಎಡ್ವರ್ಡ್ ಸಾರ್ ತಮ್ಮ ಹಾಳೆಯ ಮಡಿಕೆ ನೀವುತ್ತ ಕೂತರು. ಅಬು ಹಲೀಫಾದ ತಮ್ಮ ಫ್ಲ್ಯಾಟ್ ಹತ್ತಿರವಾಗುವಾಗ ಅವರ ದನಿಗೆ ಬೆಣ್ಣೆ ಬಂತು.

"ಗುರುವಾರದ ಫ್ಲೈಟಿಗೆ ಹೋಗು ಸುಕುಮಾರ. ಊರಲ್ಲಿ ಅರ್ಜೆಂಟ್ ಅಂತ ನಾನು ಹೇಳ್ತೇನೆ."

"ಬಾಬಾ ಬೇಡ ಹೇಳಿದ್ರಲ್ಲ ಸಾರ್?"

"ಎರಡು ದಿನದಲ್ಲಿ ಮರೀತಾರೆ. ಡ್ರೈವರನ ನೆನಪು ಯಾರಿಗೆ ಇರ್ತದೆ?"

ಸುಕುಮಾರನಿಗೆ ಒಳಗಿನದು ಹೊಳೆಯಿತು. ದಿನಾ ಸಂಜೆ ಡ್ರೈವರು ದಿಂಬಿಗೆ ಒರಗಿ ಪಾಠ ಹೇಳಿದರೆ ಮ್ಯಾನೇಜರರ ಹಾಳೆ ಯಾರು ಕೇಳುತ್ತಾರೆ?

"ಫ್ಯಾಕ್ಸ್ ಯಾವುದು ಹೋಗ್ತದೆ ಸಾರ್?"

"ಸಹಿ ಆದದ್ದೇ. ಸಹಿ ಆದ ಹಾಳೆ ಬದಲು ಮಾಡ್ಲಿಕ್ಕೆ ಆಗ್ತದಾ?"

"ಹಾಗಾದ್ರೆ ನಾನು ಹೋಗುದಿಲ್ಲ."

"ಎಂತದು? ನಿನ್ನ ನಿಶ್ಚಿತಾರ್ಥ ಅಲ್ವಾ ಮಾರಾಯ?"

"ಹೌದು ಸಾರ್. ಹುಡುಗಿಗೆ ಮುಂದೆ ಹಾಕುವ ಅಂತೇನೆ. ದಿನಾ ಬಾಬಾನ ಹತ್ರ ಕೂತುಕೊಳ್ತೇನೆ. ನಿಮ್ಮ ಹಾಳೆಯನ್ನು ಒಂದೊಂದೇ ಗೆರೆ ಬಿಡಿಸಿ ಹೇಳ್ತೇನೆ."

ನವ್ಯಶ್ರೀಯ ಅಪ್ಪ ಮುಂದೆ ಹಾಕುವ ಜನ ಅಲ್ಲ. ದಿನ ತಪ್ಪಿದರೆ ಸಂಬಂಧವೇ ತಪ್ಪಿದಂತೆ. ಆದರೆ ಅದು ಹಿಂದಿನ ಸೀಟಿಗೆ ಗೊತ್ತಿರಲಿಲ್ಲ.

"ದೊಡ್ಡ ಜನ ಆದೆ ನೀನು" ಎಂದು ಎಡ್ವರ್ಡ್ ಸಾರ್ ಹಲ್ಲು ಕಡಿದರು.

ಬೆಳಿಗ್ಗೆ ಹೊಸ ಹಾಳೆ ಫ್ಯಾಕ್ಸ್ ಮೆಷಿನಿನೊಳಗೆ ನುಗ್ಗುವುದನ್ನು ಸುಕುಮಾರ ನಿಂತು ನೋಡಿದ. ಇನ್ನೂರ ನಲವತ್ತು ಎಂಬ ಅಂಕಿಯನ್ನು ಎರಡು ಸಲ ಓದಿದ. 'ಮ್ಯಾನೇಜರ್ ಸ್ವತಃ ಪರಿಶೀಲಿಸಿ ಆರಿಸಿದ್ದು' ಎಂದು ಕೆಳಗೆ ಇಂಗ್ಲಿಷಿನಲ್ಲಿತ್ತು. ಇರಲಿ, ಜಿಂಕೆ ಓದುವುದಿಲ್ಲ. ಎಡ್ವರ್ಡ್ ಸಾರ್ ಡ್ರಾಯರಿನಿಂದ ತೆಗೆದುಕೊಟ್ಟ ಪಾಸ್‌ಪೋರ್ಟ್ ಕಿಸೆಗೆ ಇಳಿಸಿ ಹೊರಟ.

"ನಿಲ್ಲು ಮಾರಾಯ" ಎಂದು ಎಡ್ವರ್ಡ್ ಸಾರ್ ಬಾಗಿಲು ಮುಚ್ಚಿ ಬಂದರು. ದನಿ ತಗ್ಗಿತ್ತು. "ಈ ತೂಕದ್ದೇ ಯಾಕೆ ಅಂತ ಬಾಬಾ ಕೇಳಿದ್ರೆ ನಾನು ಎಂತ ಹೇಳ್ಬೇಕು?"

ಸುಕುಮಾರ ಅವರ ಎದುರಿನ ಕುರ್ಚಿ ಎಳೆದು, ಆ ಆಫೀಸಿನಲ್ಲಿ ಮೊದಲ ಸಲ ಕೂತ.

"ಬರ್ಕೊಳ್ಳಿ ಸಾರ್. ನಿಧಾನ ಹೇಳ್ತೇನೆ."

ಎಡ್ವರ್ಡ್ ಸಾರ್ ಪೆನ್ನಿನ ಮುಚ್ಚಳ ತೆಗೆದರು.