ಒಬ್ಬಳ ತರಗತಿ

ಇದನ್ನು ಹೇಳುವ ಯೋಗ್ಯತೆ ನನಗಿಲ್ಲ, ಕ್ಷಮಿಸಬೇಕು. ತಾಂಡೂರಿನ ಕಲ್ಲುಗಣಿಯ ಆಫೀಸಿನಲ್ಲಿ ಗುಮಾಸ್ತನಾಗಿದ್ದು, ಸಂಜೆ ಕ್ಲಾಸಿನಲ್ಲಿ ಮೆಟ್ರಿಕ್ ಮುಗಿಸಿದವನು ನಾನು. ಹೈದರಾಬಾದಿನ ಆ ಕ್ರೈಸ್ತ ಸನ್ಯಾಸಿನಿಯರ ಸಂಸ್ಥೆ ಕಾಲೇಜೋ ಯುನಿವರ್ಸಿಟಿಯೋ ಎಂಬುದೂ ನನಗೆ ಖಚಿತವಿರಲಿಲ್ಲ; ನಮ್ಮ ಕಡೆ ಯುನಿವರ್ಸಿಟಿ ಎಂದೇ ಅನ್ನುತ್ತಿದ್ದರು.

೧೯೭೪ರಲ್ಲಿ ತಂಗಿ ತುಳಜಾಬಾಯಿಯನ್ನು ಅಲ್ಲಿ ಸೇರಿಸಲು ರೈಲು ಹತ್ತಿದೆ. ಆಂಧ್ರಕ್ಕೆ ಸೇರಿದ ನಮ್ಮೂರು ಮೊಗುಡಂಪಲ್ಲಿಯಿಂದ ದಿನಾ ಗಡಿ ದಾಟಿ, ಬೀದರ್ ಕಡೆಯ ಶಾಲೆಯಲ್ಲಿ ಕನ್ನಡದಲ್ಲಿ ಓದಿದವಳು ಅವಳು.

"ಫಾರಂ ನಾಕು ಸಲ ತೆಗದು ನೋಡೀದಿ, ಅಣ್ಣಾ. ಅಕ್ಷರ ಓಡಿಹೋಗ್ತಾವೇನು?" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಎರಡನೆಯ ಭಾಷೆಯ ಜಾಗದಲ್ಲಿ, ಅವಳನ್ನು ಕೇಳದೆ, ತೆಲುಗು ಎಂದು ತುಂಬಿದ್ದೆ. ಕನ್ನಡ ಎಂದರೆ ಸೀಟು ಸಿಗಲಿಕ್ಕಿಲ್ಲ ಎಂಬ ಹೆದರಿಕೆ. ಸಂತೆಯಲ್ಲಿ ನಾವೆಲ್ಲ ತೆಲುಗು ಆಡುವವರೇ. ಅಷ್ಟು ಸಾಕು ಅಂದುಕೊಂಡಿದ್ದೆ.

ಸಂಸ್ಥೆಯ ಒಳಗೆ ಕಾಲಿಟ್ಟೆವು. ನಮ್ಮ ತಾಂಡೂರಿನ ಹಾಸುಗಲ್ಲೇ ಅಲ್ಲಿ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಚಾವಣಿ ಮುಟ್ಟುವ ಪುಸ್ತಕದ ಕಪಾಟು, ಅದಕ್ಕೆ ಗಾಲಿಯ ಏಣಿ. ಪ್ರಯೋಗಶಾಲೆಯಲ್ಲಿ ಒಬ್ಬೊಬ್ಬ ಹುಡುಗಿಗೂ ಒಂದೊಂದು ಸೂಕ್ಷ್ಮದರ್ಶಕ. ನಾನು ಚಪ್ಪಲಿ ಕೈಯಲ್ಲಿ ಹಿಡಿದೇ ನಡೆದೆ.

ಮುಖ್ಯಸ್ಥೆಯಾದ ಮದರ್ ಫಾರಂ ನೋಡಿ, ತೆಲುಗು ಪುಸ್ತಕವೊಂದನ್ನು ತುಳಜಾಳ ಮುಂದಿಟ್ಟು ಓದಲು ಹೇಳಿದರು.

ಅವಳು ನನ್ನತ್ತ ತಿರುಗಿದಳು. "ಅಣ್ಣಾ, ಮಾತಾಡಾಕ ಬರ್ತದ, ಓದಾಕ ಬರಂಗಿಲ್ಲ. ನಿನಗ ಗೊತ್ತಿಲ್ಲೇನು?"

ಸೀಟು ಹೋಯಿತು ಅನಿಸಿತು. ಬಂದಷ್ಟು ಹಿಂದಿಯಲ್ಲಿ, ತಪ್ಪು ನನ್ನದೆಂದು ಒಪ್ಪಿಕೊಂಡೆ. ಮದರ್ ಎದ್ದು ಹೋದರು. ಮರಳಿದಾಗ ಜೊತೆಗೊಬ್ಬ ಮುದುಕಿ ಸಿಸ್ಟರ್ ಇದ್ದರು, ಕೈಗೆಲ್ಲ ತೋಟದ ಮಣ್ಣು.

"ಕನ್ನಡ ಓದುತ್ತೀಯಾ ಮಗಾ? ನಾನು ಮಂಗಳೂರಿನವಳು. ಇಷ್ಟು ವರ್ಷ ಇಲ್ಲಿ ಯಾರೂ ಕೇಳಲೇ ಇಲ್ಲ."

"ನಾ ಒಬ್ಬಾಕಿನ ಇದ್ದೀನ್ರಿ," ಎಂದಳು ತುಳಜಾ.

"ಒಳ್ಳೆಯದಾಯಿತು. ಗಲಾಟೆ ಕಡಿಮೆ."

ಮದರ್ ನನ್ನ ಕೈಯಿಂದಲೇ ತೆಲುಗು ಎಂಬುದನ್ನು ಹೊಡೆದುಹಾಕಿಸಿ ಕನ್ನಡ ಎಂದು ಬರೆಸಿದರು. ಅಕ್ಷರ ಸೊಟ್ಟಗೆ ಬಿತ್ತು.

ಮೂರು ವರ್ಷ ಒಂದು ಕೋಣೆ, ಒಂದು ಕರಿಹಲಗೆ, ಒಬ್ಬಳೇ ವಿದ್ಯಾರ್ಥಿನಿ. ಒಂದೇ ಹೆಸರಿದ್ದರೂ ಸಿಸ್ಟರ್ ದಿನಾ ಹಾಜರಿ ಕೂಗುತ್ತಿದ್ದರಂತೆ. ಇವಳು ಎದ್ದು ನಿಂತು "ಬಂದೀನ್ರಿ" ಅನ್ನುತ್ತಿದ್ದಳಂತೆ. ತುಳಜಾ ಪಾಸಾದಳು.

ಅವಳೊಬ್ಬಳಿಗಾಗಿ ಕನ್ನಡದ ಪ್ರಶ್ನೆಪತ್ರಿಕೆ ತರಿಸಲು ಮದರ್ ಯಾರಿಗೆ ಬರೆದರೋ, ಯಾರನ್ನು ಹೇಗೆ ಒಪ್ಪಿಸಿದರೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಬರುವಷ್ಟರಲ್ಲಿ ಅವರು ಬೇರೆ ಊರಿಗೆ ಹೋಗಿದ್ದರು.