ಸುಮ್ಮನೆ ಕೂರುವ ಮಣೆ

ಆ ದಿನ ಬೆಳಗ್ಗೆ ಜನವರಿಯ ಮಂಜು ಕವಿದು ದೆಹಲಿ ಪಕ್ಕದ ಇಂದಿರಾಪುರಂನ ಎದುರು ಟವರೇ ಮಾಯವಾಗಿತ್ತು. ಹನ್ನೊಂದನೆಯ ಮಹಡಿಯ ಲಿಫ್ಟಿನಲ್ಲಿ ಶವಪೆಟ್ಟಿಗೆ ಅಡ್ಡಡ್ಡ ಹಿಡಿಸದೆ, ಅದನ್ನು ನೆಟ್ಟಗೆ ನಿಲ್ಲಿಸಿ ಇಳಿಸುತ್ತಿದ್ದರು.

"ಭಯ್ಯಾ, ಧೀರೇ ಧೀರೇ!" ಎಂದು ಕೂಗುತ್ತಿದ್ದ ವೈಜಯಂತಿ, ಶಾರದಾಳ ಕಡೆ ತಿರುಗಿ ದನಿ ತಗ್ಗಿಸಿದಳು. "ಬದುಕಿದ್ದಾಗ ಕೂತಲ್ಲಿಂದ ಏಳ್ತಿರಲಿಲ್ಲ. ಈಗ ನೋಡಿ, ನಿಂತ್ಕೊಂಡು ಹೋಗ್ತಿದಾರೆ ನಿಮ್ಮ ರತ್ನಮ್ಮ."

ವೈಜಯಂತಿ ಕನ್ನಡ ಪ್ರಾರ್ಥನಾಕೂಟದ ಮುಖ್ಯಸ್ಥೆ. ಅವಳು ನಕ್ಕರೆ ಕೂಟದವರೆಲ್ಲ ನಗಬೇಕು. ಶಾರದಾ ನಕ್ಕಳು. ನಗುವಾಗ ಕಂಕುಳಲ್ಲಿದ್ದ ಚೀಲ ಜಾರಿತು. ಶಾಲಿನೊಳಗೆ ಒತ್ತಿ ಹಿಡಿದಳು. ಚೀಲದಲ್ಲಿ ಸತ್ತವಳ ಮಣೆ ಇತ್ತು.

ಸ್ಮಶಾನದ ದಾರಿಯಲ್ಲಿ ವ್ಯಾನು ತೆವಳಿತು. ಶಾರದಾಳ ಪಕ್ಕದಲ್ಲಿ ರತ್ನಮ್ಮನ ಒಬ್ಬಳೇ ಮಗಳು ಪ್ರಕೃತಿ. ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಅವಳ ಕಿವಿಯಲ್ಲಿದ್ದಷ್ಟು ನಾಲಿಗೆಯಲ್ಲಿರಲಿಲ್ಲ.

"ಆಂಟಿ, ಒಂದು ಹೇಳಿ. ಐಸಿಯೂನಲ್ಲಿ ನಾನು ಅಳ್ತಿದ್ದೆ. ಅಮ್ಮ ಮಾಸ್ಕ್ ಸರಿಸಿ ನನ್ನ ನೋಡಿ 'ಸುಮ್ನೆ' ಅಂದ್ರು. ಬಸ್, ಲಾಸ್ಟ್ ವರ್ಡ್. ಚುಪ್ ಅಂದ್ರು ನಂಗೆ. ಬಚ್‌ಪನ್‌ನಲ್ಲೂ ಅದೇ. ನಾನು ಚಿಕ್ಕೋಳಿದ್ದಾಗ ಬಾಗಿಲು ಹಾಕ್ಕೊಂಡು ಕೂರ್ತಿದ್ರು, ತಟ್ಟಿದ್ರೆ 'ಸುಮ್ನಿರು'."

"ಆಸ್ಪತ್ರೆಯಲ್ಲಿ 'ಸುಮ್ನಿರು' ಅಂದ್ರಾ, 'ಸುಮ್ನೆ' ಅಂದ್ರಾ?"

"ಸುಮ್ನೆ. ಎರಡೂ ಒಂದೇ ಅಲ್ವಾ?"

ಒಂದೇ ಅಲ್ಲ. ಅದು ಶಾರದಾಗೆ ಗೊತ್ತಿತ್ತು. ಈ ಭೂಮಿಯ ಮೇಲೆ ಇನ್ನು ಅವಳೊಬ್ಬಳಿಗೇ ಗೊತ್ತಿತ್ತು. ಮುಂದಿನ ಸೀಟಿನಲ್ಲಿ ವೈಜಯಂತಿಯ ತಲೆ ಇತ್ತ ವಾಲಿತು.

"ಜ್ವರದ ಬಡಬಡಿಕೆ ಇರಬೇಕಮ್ಮ," ಎಂದಳು ಶಾರದಾ.

*

ಬಹಳ ವರ್ಷಗಳ ಹಿಂದೆ, ದೆಹಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಶಾರದಾ, ರತ್ನಮ್ಮ ಇಬ್ಬರೂ ಎದುರುಬದುರು ಮನೆಯವರಾಗಿದ್ದಾಗ, ಮೈಸೂರು ಕಡೆಯ ಕಾನ್ವೆಂಟಿನ ಒಬ್ಬ ಮುದಿ ಸಿಸ್ಟರ್ ಅವರಿಗೆ ಮೌನಪ್ರಾರ್ಥನೆ ಕಲಿಸಿದ್ದರು.

"ಒಂದೇ ಒಂದು ಮಾತು ಇಟ್ಕೊಳ್ಳಿ. ಉಸಿರಿನ ಜೊತೆ ಅದು ಹೋಗಲಿ, ಬರಲಿ. ಯೋಚನೆ ಬಂದ್ರೆ ಜಗಳ ಆಡಬೇಡಿ, ಮಾತಿಗೆ ವಾಪಸ್ ಬನ್ನಿ. ಮೊದಮೊದಲು ಸಿಹಿ ಸಿಗತ್ತೆ. ಆಮೇಲೆ ಆ ಸಿಹಿನೂ ದೇವರೇ ಕಿತ್ಕೋತಾನೆ. ಕತ್ತಲೆ ಆಗತ್ತೆ. ಆಗ ಮಾತ್ರ ಎದ್ದು ಹೋಗಬೇಡಿ. ದೇವರು ಈ ಊರಿನ ಮಂಜಿನ ಹಾಗೆ. ಒಳಗೆ ಹೋದಷ್ಟೂ ಕಾಣಲ್ಲ."

ಶಾರದಾ 'ಕರುಣೆ' ಎಂಬ ಮಾತನ್ನು ಆರಿಸಿಕೊಂಡಳು. ಆಫೀಸಿನಲ್ಲಿ ದಿನವಿಡೀ ಬೇರೆಯವರ ಮಾತುಗಳನ್ನೇ ಟೈಪು ಮಾಡುತ್ತಿದ್ದ ರತ್ನಮ್ಮ, "ನಂದು 'ಸುಮ್ಮನೆ' ಸಿಸ್ಟರ್," ಎಂದಳು. "ಕೇಳೋದೂ ಇಲ್ಲ, ಹೇಳೋದೂ ಇಲ್ಲ. ಸುಮ್ನೆ ಅವನ ಹತ್ರ."

ಸಿಸ್ಟರ್ ಎದ್ದು ನಿಂತರು. ಆಮೇಲೆ ತಾವು ಕೂರುತ್ತಿದ್ದ ಹಲಸಿನ ಮಣೆಯನ್ನು ಅವಳಿಗೇ ಕೊಟ್ಟುಬಿಟ್ಟರು. ತನಗೇಕೆ ಕೊಡಲಿಲ್ಲ ಎಂಬ ಮುಳ್ಳು ಶಾರದಾಳೊಳಗೆ ನೆಟ್ಟಿದ್ದು ಅಂದೇ.

*

ಎರಡು ವರ್ಷದ ಹಿಂದೆ, ಈಸ್ಟರಿಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನಕ್ಕೆಂದು ಶಾರದಾ ಆ ಮಣೆಯನ್ನು ಇಸಿದುಕೊಂಡಳು. ಕೊಡುವಾಗ ರತ್ನಮ್ಮ ಹೇಳಿದಳು, "ನಂಗೀಗ ಕೂತ್ರೆ ಏನೂ ಇಲ್ಲ ಕಣೇ. ಬರೀ ಕತ್ತಲೆ. ಆದ್ರೂ ಕೂರ್ತೀನಿ. ಅವನೂ ಸುಮ್ನೆ, ನಾನೂ ಸುಮ್ನೆ. ಯಾರಿಗೂ ಹೇಳ್ಬೇಡ."

ಮುಂದಿನ ಭಾನುವಾರವೇ ಶಾರದಾ ಅದನ್ನು ಕೂಟದ ಮುಂದಿಟ್ಟಳು. "ರತ್ನಮ್ಮನಿಗೆ ಒಳಗೆ ಏನೂ ಇಲ್ಲವಂತೆ. ದಯವಿಟ್ಟು ಪ್ರಾರ್ಥನೆ ಮಾಡಿ."

"ಮೂಕ ದೆವ್ವ ಹೊಕ್ಕಿದೆ, ಬಿಡಿಸಬೇಕು," ಎಂದು ತೀರ್ಮಾನಿಸಿದಳು ವೈಜಯಂತಿ.

ಒಂಬತ್ತು ಜನ ರತ್ನಮ್ಮನ ಮನೆಗೇ ಹೋದರು. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ನೆತ್ತಿಯ ಮೇಲೆ ಕೈಯೊತ್ತಿ, "ಬಾಯಿ ಬಿಡು! ಸ್ತುತಿಸು!" ಎಂದು ಎರಡು ಗಂಟೆ ಅರಚಿದರು. ಎಡಭುಜ ಅಲುಗದಂತೆ ಹಿಡಿದಿದ್ದವಳು ಶಾರದಾ. ರತ್ನಮ್ಮ ಬಾಯಿ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ಕೆದರಿದ ಕೂದಲು ಕಟ್ಟಿಕೊಂಡು ಅಡಿಗೆಮನೆಗೆ ಹೋಗಿ ಚಹಾ ತಂದಳು.

"ಶುಂಠಿ ಹಾಕಿದೀನಿ. ಗಂಟಲು ನೋಯ್ತಿರತ್ತೆ ನಿಮಗೆಲ್ಲ."

ಅಲ್ಲಿಂದಾಚೆ ಯಾರೂ ಆ ಬಾಗಿಲು ತಟ್ಟಲಿಲ್ಲ. ಒಮ್ಮೆ ಮಾತ್ರ ಅವಳೇ ಫೋನು ಮಾಡಿದ್ದಳು. "ಶಾರದಾ, ಮಣೆ ಸಿಗತ್ತಾ? ನೆಲ ಕೊರೆಯತ್ತೆ, ಮಂಡಿ ಹಿಡ್ಕೊಳ್ಳತ್ತೆ."

"ಹುಡುಕ್ತೀನಿ," ಎಂದಿದ್ದಳು ಶಾರದಾ. ಮಣೆ ಕಣ್ಣೆದುರೇ ಇತ್ತು. ಅದರ ಮೇಲೆ ಅಕ್ಕಿ ಡಬ್ಬ ಕೂತಿತ್ತು.

*

ಗುಂಡಿಯೊಳಗೂ ಮಂಜು ಇಳಿದಿತ್ತು. ಫಾದರ್ ಪ್ರಾರ್ಥನೆ ಮುಗಿಸಿದರು. ವೈಜಯಂತಿ ಎದೆ ಬಿರಿಯುವಂತೆ ಹಾಡಿದಳು. ಕೂಟದವರೆಲ್ಲ ಅತ್ತರು. ಪ್ರಕೃತಿ ಅಳಲಿಲ್ಲ. ಅಮ್ಮ ಬೇಡವೆಂದಿದ್ದಳಲ್ಲ.

ಮೂರು ಹಿಡಿ ಮಣ್ಣು ಹಾಕಿ ಅವಳು ಹಿಂದೆ ಸರಿದಾಗ ಶಾರದಾ ಶಾಲಿನೊಳಗಿಂದ ಚೀಲ ತೆಗೆದು ಮಣೆಯನ್ನು ಹೊರಗೆಳೆದಳು.

"ನಿಮ್ಮಮ್ಮಂದು. ನನ್ನ ಹತ್ರ ಉಳ್ಕೊಂಡಿತ್ತು."

"ಇದು... ಇದು ಯಾಕೆ ಆಂಟಿ? ಅಮ್ಮ ಇದರಲ್ಲಿ ಏನು ಮಾಡ್ತಿದ್ರು?"

ಹೇಳಲು ಆಗಲೂ ಹೊತ್ತಿತ್ತು. ವೈಜಯಂತಿ ಹಾಡು ನಿಲ್ಲಿಸಿ ಇತ್ತಲೇ ನೋಡುತ್ತಿದ್ದಳು.

"ಸುಮ್ನೆ," ಎಂದಳು ಶಾರದಾ.

ಪ್ರಕೃತಿ ಗದರಿಸಿಕೊಂಡ ಮಗುವಿನಂತೆ ತಟ್ಟನೆ ಬಾಯಿ ಮುಚ್ಚಿದಳು. ಎರಡೂ ಕೈಯಿಂದ ಮಣೆಯನ್ನು ತೆಗೆದುಕೊಂಡಳು. ಅದರ ನಡುವೆ ಡಬ್ಬದ ತುಕ್ಕು ದುಂಡಗೆ ಕಚ್ಚಿತ್ತು. ಬಿರುಕಿನಲ್ಲಿ ಎರಡು ಅಕ್ಕಿಕಾಳು ಸಿಕ್ಕಿಕೊಂಡಿದ್ದವು.